‘ಗ್ಯಾಸ್ ಇರಬಹುದು’ ಎಂದು ಕಳುಹಿಸಿದರು. ನಾನು ತುರ್ತು ವಿಭಾಗಕ್ಕೆ ಹೋಗಿದ್ದೇ ತಪ್ಪೇ?

ರಾತ್ರಿ ಒಂದೂವರೆಗೆ ಎದೆ ಹಿಚುಕಿದಂತಾಗಿ ಎದ್ದು ಕುಳಿತಿರಿ, ಮನೆಯವರನ್ನು ಎಬ್ಬಿಸಿಕೊಂಡು ತುರ್ತು ಚಿಕಿತ್ಸಾ ವಿಭಾಗಕ್ಕೆ ಹೋದಿರಿ. ಅಲ್ಲಿ ನಾಲ್ಕು ಗಂಟೆ ಕಾಯಿಸಿ, ಎರಡು ಸಲ ರಕ್ತ ತೆಗೆದು, ಕೊನೆಗೆ ‘ಹೃದಯಕ್ಕೆ ಏನೂ ಆಗಿಲ್ಲ, ಗ್ಯಾಸ್ ಇರಬಹುದು’ ಎಂದು ಕಳುಹಿಸಿದರು. ಗುಡ್ಡ ಅಗೆದು ಇಲಿ ಹಿಡಿದಂತಾಯಿತು, ನಾಚಿಕೆಯಾಗುತ್ತಿದೆ, ಇನ್ನು ಮುಂದೆ ಯಾವುದಕ್ಕೆ ಓಡಬೇಕು, ಯಾವುದಕ್ಕೆ ಬೇಡ ಎಂದು ಹೇಗೆ ತಿಳಿಯುವುದು ಎಂದು ಕೇಳಿದ್ದೀರಿ.

ನಾನು 14 ವರ್ಷಗಳಿಂದ ತುರ್ತು ವಿಭಾಗದ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತುಕೊಳ್ಳುವ ನರ್ಸ್. ಬಂದವರ ನಾಡಿ, ಬಿಪಿ, ಉಸಿರು, ಆಮ್ಲಜನಕದ ಮಟ್ಟ ನೋಡಿ, ಎರಡು ಮಾತು ಕೇಳಿ, ಯಾರು ಈಗಲೇ ಒಳಗೆ ಹೋಗಬೇಕು, ಯಾರು ಕುರ್ಚಿಯಲ್ಲಿ ಕಾಯಬಹುದು ಎಂದು ವಿಂಗಡಿಸುವುದು ನನ್ನ ಕೆಲಸ. ಇದಕ್ಕೆ ಟ್ರಯಾಜ್ ಎನ್ನುತ್ತಾರೆ. ರೋಗ ಯಾವುದೆಂದು ಹೇಳುವ ಅಧಿಕಾರ ನನಗಿಲ್ಲ, ಈ ಕೆಲಸಕ್ಕೆ ಅದು ಬೇಕಾಗಿಯೂ ಇಲ್ಲ. ಇವರು ಎಷ್ಟು ಹೊತ್ತು ಕಾಯಬಲ್ಲರು ಎಂಬುದೊಂದೇ ಪ್ರಶ್ನೆ. ಮನೆಯಲ್ಲಿರುವ ನೀವು ಉತ್ತರಿಸಬೇಕಾದದ್ದೂ ಅದೊಂದಕ್ಕೇ. ‘ಇದು ಹೃದಯಾಘಾತವೋ ಗ್ಯಾಸೋ’ ಎಂದು ಹಾಸಿಗೆಯ ಮೇಲೆ ಕುಳಿತು ತೀರ್ಮಾನಿಸಲು ಹೊರಟರೆ ಅಲ್ಲಿಗೇ ದಾರಿ ತಪ್ಪಿತು.

ಬರೀ ಮುಖ ನೋಡಿ ಅದನ್ನು ಹೇಳಲು ವೈದ್ಯರಿಗೂ ಬರುವುದಿಲ್ಲ. ಎದೆನೋವು ಎಂದು ಬಂದವರಿಗೆ ಹತ್ತು ನಿಮಿಷದೊಳಗೆ ಇಸಿಜಿ ಆಗಬೇಕು ಎಂಬುದು ರೂಢಿಯಲ್ಲಿರುವ ನಿಯಮ. ಆದರೆ ಆ ಮೊದಲ ಇಸಿಜಿ ಸರಿಯಿದ್ದ ಮಾತ್ರಕ್ಕೆ ಹೃದಯಾಘಾತವಿಲ್ಲ ಎನ್ನಲಾಗದು. ಹೃದಯದ ಸ್ನಾಯುವಿಗೆ ಪೆಟ್ಟಾದಾಗ ಟ್ರೋಪೊನಿನ್ ಎಂಬ ಪ್ರೋಟೀನು ರಕ್ತಕ್ಕೆ ಸೋರುತ್ತದೆ, ಅದು ಪರೀಕ್ಷೆಯಲ್ಲಿ ಸಿಗುವಷ್ಟು ಏರಲು ಹೊತ್ತು ಬೇಕು. ಅದಕ್ಕೇ ಎರಡು ಸಲ ರಕ್ತ ತೆಗೆದದ್ದು. ನೀವು ಅಲ್ಲಿ ಕಾದ ಹೊತ್ತಿನಲ್ಲಿ ಬಹುಪಾಲು ಆ ಎರಡು ಸೂಜಿಗಳ ನಡುವಿನ ಅಂತರ. ಕಾಯುವುದೂ ಪರೀಕ್ಷೆಯ ಭಾಗವೇ. ಇಷ್ಟೆಲ್ಲ ಆದ ಮೇಲೆ ‘ಗ್ಯಾಸ್ ಇರಬಹುದು’ ಎಂದವರ ಮಾತನ್ನು ಹಿಡಿದುಕೊಂಡು, ರಾತ್ರಿ ಒಂದೂವರೆಗೆ ಆ ಯಾವ ಪರೀಕ್ಷೆಯೂ ಕೈಯಲ್ಲಿಲ್ಲದೆ ಹೊರಟ ನಿಮ್ಮನ್ನು ನೀವೇ ಹಳಿದುಕೊಳ್ಳುವುದು ಯಾವ ನ್ಯಾಯ?

ಇದರ ತದ್ವಿರುದ್ಧವನ್ನೂ ನೋಡಿದ್ದೇನೆ. ಒಮ್ಮೆ ಒಬ್ಬರು ತಾವೇ ಕಾರು ಓಡಿಸಿಕೊಂಡು ಬಂದರು. ಸರದಿಯಲ್ಲಿ ನಿಂತರು, ತಮಗಿಂತ ಹಿಂದೆ ಮಗು ಎತ್ತಿಕೊಂಡಿದ್ದವರಿಗೆ ಜಾಗ ಬಿಟ್ಟುಕೊಟ್ಟರು. ನನ್ನ ಮುಂದೆ ಬಂದಾಗ ‘ಸ್ವಲ್ಪ ಅಸಿಡಿಟಿ, ಒಂದು ಮಾತ್ರೆ ಕೊಟ್ಟರೆ ಸಾಕು’ ಎಂದರು. ಹವಾನಿಯಂತ್ರಿತ ಕೋಣೆ, ನನಗೆ ಸ್ವೆಟರ್ ಹಾಕಿಕೊಂಡರೂ ಚಳಿ. ಅವರ ಅಂಗಿಯ ಕಾಲರ್ ಮಾತ್ರ ನೆನೆದು ಕುತ್ತಿಗೆಗೆ ಅಂಟಿತ್ತು. ಕೈ ಹಿಡಿದರೆ ತಣ್ಣಗೆ, ಅಂಟಂಟು. ನೋವು ಹತ್ತಕ್ಕೆ ಎಷ್ಟು ಎಂದು ಕೇಳಿದರೆ ‘ಮೂರು’ ಎಂದರು. ಇಸಿಜಿ ಕಾಗದ ಹೊರಬರುತ್ತಿದ್ದಂತೆಯೇ ಅವರನ್ನು ಒಳಗೆ ಕರೆದೊಯ್ದೆವು. ಬದುಕಿದರು. ಆದರೆ ಮಧ್ಯಾಹ್ನದಿಂದ ಸಂಜೆಯವರೆಗೆ ‘ಸುಮ್ಮನೆ ಯಾಕೆ ಹೋಗುವುದು’ ಎಂದು ಮನೆಯಲ್ಲೇ ಕುಳಿತಿದ್ದರಂತೆ. ಆ ಹೊತ್ತಿನಲ್ಲಿ ಸತ್ತ ಹೃದಯದ ಸ್ನಾಯು ಮತ್ತೆ ಬೆಳೆಯುವುದಿಲ್ಲ. ಕಾರು ಓಡಿಸಿಕೊಂಡು ಬಂದದ್ದಂತೂ ಇನ್ನೊಂದು ಅವಿವೇಕ. ಆಂಬುಲೆನ್ಸ್‌ನಲ್ಲಿ ಬಂದಿದ್ದರೆ ಆರೈಕೆ ದಾರಿಯಲ್ಲೇ ಶುರುವಾಗುತ್ತಿತ್ತು, ರಸ್ತೆಯ ಮೇಲಿದ್ದ ಬೇರೆಯವರೂ ಸುರಕ್ಷಿತವಾಗಿರುತ್ತಿದ್ದರು.

ಹಾಗಾಗಿ ನೋವಿನ ಪ್ರಮಾಣವನ್ನು ಅಳತೆಗೋಲು ಮಾಡಿಕೊಳ್ಳಬೇಡಿ. ಹಲ್ಲುನೋವು ಮನುಷ್ಯನನ್ನು ಗೋಡೆಗೆ ತಲೆ ಚಚ್ಚಿಕೊಳ್ಳುವಂತೆ ಮಾಡುತ್ತದೆ, ಆದರೆ ಸಾಮಾನ್ಯವಾಗಿ ಬೆಳಗಿನವರೆಗೆ ಕಾಯುತ್ತದೆ. ಪಾರ್ಶ್ವವಾಯು ಅನೇಕರಿಗೆ ಒಂದಿಷ್ಟೂ ನೋಯುವುದಿಲ್ಲ. ಮಧುಮೇಹ ಇರುವವರು, ವಯಸ್ಸಾದವರು, ಹೆಂಗಸರು, ಇವರಲ್ಲಿ ಹೃದಯಾಘಾತವೂ ಎದೆನೋವಿಲ್ಲದೆ ಬರೀ ಏದುಸಿರು, ವಾಕರಿಕೆ, ಹಿಂದೆಂದೂ ಇಲ್ಲದ ಸುಸ್ತಾಗಿ ಬರಬಹುದು.

ನಾನು ಕೇಳಿಕೊಳ್ಳುವ ಪ್ರಶ್ನೆ ಹೀಗಿದೆ: ಬೆಳಗಾಗುವವರೆಗೆ ಕಾದರೆ ಮತ್ತೆ ಸಿಗದಂಥದ್ದು ಏನಾದರೂ ಕೈತಪ್ಪುತ್ತದೆಯೇ? ಕೆಲವು ತೊಂದರೆಗಳಿಗೆ ಗಡಿಯಾರ ಕಟ್ಟಿರುತ್ತದೆ. ಮುಖ ಒಂದು ಕಡೆ ಜೋತುಬಿದ್ದರೆ, ಒಂದು ಕೈ ಎತ್ತಲಾಗದಿದ್ದರೆ, ಮಾತು ತೊದಲಿದರೆ ಅದು ಪಾರ್ಶ್ವವಾಯು ಇರಬಹುದು, ರಕ್ತದ ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯ ಅವಕಾಶ. ಅದೂ ಆಸ್ಪತ್ರೆ ಸೇರಿದ ಗಳಿಗೆಯಿಂದಲ್ಲ, ರೋಗಿ ಕೊನೆಯದಾಗಿ ಸರಿಯಿದ್ದ ಗಳಿಗೆಯಿಂದ. ‘ಎಷ್ಟು ಹೊತ್ತಿನವರೆಗೆ ಚೆನ್ನಾಗಿದ್ದರು’ ಎಂದು ನಾವು ಪದೇಪದೇ ಕೇಳಿ ತಲೆ ತಿನ್ನುವುದು ಇದಕ್ಕೇ. ಹತ್ತು ನಿಮಿಷದಲ್ಲಿ ಎಲ್ಲವೂ ಸರಿಹೋದರೂ ಬನ್ನಿ. ಅದು ದೊಡ್ಡ ಹೊಡೆತದ ಮುನ್ಸೂಚನೆ ಆಗಿರಬಹುದು. ಬರುವ ಮೊದಲು ನೀರು, ಊಟ, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ನುಂಗುವ ಶಕ್ತಿ ಹೋಗಿದ್ದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.

ಮಗು ಬಟನ್ ಬ್ಯಾಟರಿ ನುಂಗಿದೆ ಎಂಬ ಅನುಮಾನವಿದ್ದರೂ ಸಾಕು, ಹೊರಡಿ. ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೇ ಸುಡಬಲ್ಲದು, ಮಗು ಆಡಿಕೊಂಡೇ ಇರುತ್ತದೆ. ಪ್ಯಾರಸಿಟಮಾಲ್ ಮಿತಿಮೀರಿ ನುಂಗಿದವರೂ ಹಾಗೆಯೇ: ಮೊದಲ ದಿನ ಏನೂ ಆಗದವರಂತೆ ಓಡಾಡಿಕೊಂಡಿರುತ್ತಾರೆ, ಒಳಗೆ ಯಕೃತ್ತು ಹಾಳಾಗುತ್ತಿರುತ್ತದೆ. ಪ್ರತಿವಿಷ ಚೆನ್ನಾಗಿ ಕೆಲಸ ಮಾಡುವುದು ಎಂಟು ಗಂಟೆಯೊಳಗೆ ಕೊಟ್ಟಾಗ.

ಈ ಗಡಿಯಾರಗಳಲ್ಲಿ ನನ್ನನ್ನು ಅತಿಯಾಗಿ ಕಾಡಿದ್ದು ಒಂದಿದೆ. ಹದಿಮೂರೋ ಹದಿನಾಲ್ಕೋ ವಯಸ್ಸಿನ ಹುಡುಗ, ತಾಯಿಯ ಜೊತೆ ಬಂದಿದ್ದ. ಹೊಟ್ಟೆನೋವು ಎಂದ. ನಡೆಯುವಾಗ ಕಾಲು ಅಗಲಿಸಿ ಹೆಜ್ಜೆ ಇಡುತ್ತಿದ್ದ, ಕುಳಿತಾಗ ಅಂಗಿಯ ಅಂಚನ್ನು ಎಳೆದೆಳೆದು ತೊಡೆಯ ಮೇಲೆ ಹೊದೆಯುತ್ತಿದ್ದ. ತಾಯಿಯನ್ನು ಹೆಸರು ಬರೆಸಲು ಕಳುಹಿಸಿ, ‘ನೋವು ಕೆಳಗಿದೆಯೇನಪ್ಪಾ’ ಎಂದು ಕೇಳಿದೆ. ಕಣ್ಣಲ್ಲಿ ನೀರು ತುಂಬಿತು, ತಲೆಯಾಡಿಸಿದ. ವೃಷಣ ತಿರುಚಿಕೊಂಡು ರಕ್ತ ಓಡಾಟ ನಿಂತಿತ್ತು. ಆರು ಗಂಟೆಯೊಳಗೆ ಬಿಡಿಸಿದರೆ ಸಾಮಾನ್ಯವಾಗಿ ಉಳಿಯುತ್ತದೆ. ಅವನು ಹಿಂದಿನ ರಾತ್ರಿಯಿಂದ ಯಾರಿಗೂ ಹೇಳಿರಲಿಲ್ಲ. ಉಳಿಯಲಿಲ್ಲ. ನಿಮ್ಮ ಪ್ರಶ್ನೆಯಲ್ಲಿ ‘ನಾಚಿಕೆ’ ಎಂಬ ಪದ ಕಂಡೊಡನೆ ನನಗೆ ನೆನಪಾದದ್ದು ಆ ಅಂಗಿಯ ಅಂಚು. ಮನೆಯಲ್ಲಿ ಗಂಡುಮಕ್ಕಳಿದ್ದರೆ ದಯವಿಟ್ಟು ಇದನ್ನು ಬಾಯಿಬಿಟ್ಟು ಹೇಳಿಡಿ.

ಗಡಿಯಾರ ಕಾಣದ ಕಡೆ ನಾನು ನೋಡುವುದು ಮನುಷ್ಯನನ್ನು. ಒಂದು ವಾಕ್ಯವನ್ನು ಒಂದೇ ಉಸಿರಿನಲ್ಲಿ ಮುಗಿಸುತ್ತಾರೆಯೇ, ಅಥವಾ ನಡುವೆ ನಿಂತು ಉಸಿರು ಎಳೆದುಕೊಳ್ಳುತ್ತಾರೆಯೇ? ಪ್ರಶ್ನೆಗೆ ಸರಿಯಾದ ಉತ್ತರ ಕೊಡುತ್ತಾರೆಯೇ, ಅಥವಾ ನಿನ್ನೆಯವರೆಗೆ ಚುರುಕಾಗಿದ್ದವರು ಇಂದು ಮಂಕಾಗಿದ್ದಾರೆಯೇ? ತುಟಿ, ನಾಲಿಗೆ ಊದಿದೆಯೇ? ಒತ್ತಿ ಹಿಡಿದರೂ ರಕ್ತ ನಿಲ್ಲುತ್ತಿಲ್ಲವೇ? ಇವುಗಳಲ್ಲಿ ಒಂದಕ್ಕೆ ‘ಹೌದು, ತೊಂದರೆಯಿದೆ’ ಎನ್ನುವುದಾದರೆ ಈ ಉತ್ತರ ಓದುವುದನ್ನು ನಿಲ್ಲಿಸಿ ಹೊರಡಿ. ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿ, ಹೆಚ್ಚುತ್ತಿರುವ ಮಂಪರು ಇದ್ದರೂ ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಾದರೆ ಪೆಟ್ಟು ಸಣ್ಣದೆನಿಸಿದರೂ ತೋರಿಸಿ.

‘ಇದ್ದಕ್ಕಿದ್ದಂತೆ’ ಎಂಬ ಪದಕ್ಕೂ ನನ್ನ ಕಿವಿ ನೆಟ್ಟಗಾಗುತ್ತದೆ. ಮೂರು ದಿನದಿಂದ ನಿಧಾನವಾಗಿ ಏರಿದ ತಲೆನೋವು ಬೇರೆ, ಒಂದು ನಿಮಿಷದೊಳಗೆ ತಾರಕಕ್ಕೇರಿದ ತಲೆನೋವು ಬೇರೆ. ಎರಡನೆಯದು ಮಿದುಳಿನ ಸುತ್ತ ರಕ್ತ ಸೋರುತ್ತಿರುವುದರಿಂದಲೂ ಬರಬಹುದು. ಮುಟ್ಟು ತಪ್ಪಿರುವ ಹೆಣ್ಣುಮಗಳಿಗೆ ಕಿಬ್ಬೊಟ್ಟೆಯಲ್ಲಿ ಹಠಾತ್ ನೋವು ಬಂದು ತಲೆ ಸುತ್ತಿದರೆ, ಗರ್ಭವು ಗರ್ಭಕೋಶದ ಹೊರಗೆ, ನಾಳದಲ್ಲಿ ಕಟ್ಟಿರಬಹುದು ಎಂಬುದನ್ನು ಮೊದಲು ತಳ್ಳಿಹಾಕಬೇಕು.

ಮಕ್ಕಳ ಜ್ವರದ ಬಗ್ಗೆ ತಂದೆತಾಯಿಗಳು ಥರ್ಮಾಮೀಟರನ್ನೇ ನೋಡುತ್ತಾ ಕೂರುತ್ತಾರೆ. ಮೂರು ತಿಂಗಳೊಳಗಿನ ಕೂಸಿಗೆ ಆ ಅಂಕಿ ಮುಖ್ಯ: 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ, ಅಂದರೆ 100.4 ಫ್ಯಾರನ್‌ಹೀಟ್, ಅದು ಎಷ್ಟೇ ಗೆಲುವಾಗಿ ಕಂಡರೂ ಕೂಡಲೇ ತೋರಿಸಬೇಕು. ದೊಡ್ಡ ಮಕ್ಕಳಲ್ಲಿ ಅಂಕಿಗಿಂತ ಮಗುವಿನ ಸ್ಥಿತಿ ಮುಖ್ಯ. 103 ಇದ್ದರೂ ಜ್ವರ ಇಳಿದ ಹೊತ್ತಿನಲ್ಲಿ ಆಡುತ್ತಿದ್ದರೆ, ನೀರು ಕುಡಿದು ಮೂತ್ರ ಮಾಡುತ್ತಿದ್ದರೆ ನಾನು ಅಷ್ಟು ಹೆದರುವುದಿಲ್ಲ. 101 ಇದ್ದು ಎಬ್ಬಿಸಿದರೂ ಕಣ್ಣು ಬಿಡದಿದ್ದರೆ, ಕುತ್ತಿಗೆ ಬಗ್ಗಿಸಲು ಆಗದಿದ್ದರೆ, ಗಾಜಿನ ಲೋಟ ಒತ್ತಿದರೂ ಮಾಸದ ಕೆಂಪು ಚುಕ್ಕೆಗಳು ಮೈಮೇಲೆ ಎದ್ದಿದ್ದರೆ ಹೆದರುತ್ತೇನೆ.

ಯಾವುದು ಬೇಡ? ನೆಗಡಿ, ಮುಗಿದುಹೋದ ಮಾತ್ರೆ, ಆರು ತಿಂಗಳ ಮಂಡಿನೋವು. ಅಂಥ ಮಂಡಿಯನ್ನು ನಡುರಾತ್ರಿ ಹೊತ್ತು ತಂದವರನ್ನು ನೋಡಿ ಒಳಗೊಳಗೇ ಗೊಣಗಿದ್ದುಂಟು, ಸುಳ್ಳು ಹೇಳುವುದಿಲ್ಲ. ಹಳೆಯ ಬೆನ್ನುನೋವೂ ಇದೇ ಸಾಲಿಗೆ ಸೇರುತ್ತದೆ. ಆದರೆ ಅದರ ಜೊತೆ ತೊಡೆಸಂದಿಯ ಸುತ್ತ ಜೋಮು ಹಿಡಿದು, ಮೂತ್ರ ಕಟ್ಟಿಕೊಂಡರೆ ಅದು ಬೇರೆಯೇ ಸಂಗತಿ, ಆ ರಾತ್ರಿಯೇ ಬನ್ನಿ. 

ಇನ್ನು ‘ನಿಜವಾದ ರೋಗಿಯ ಜಾಗವನ್ನು ನಾನು ಕಸಿದುಕೊಂಡೆನೇನೋ’ ಎಂದೂ ಬರೆದಿದ್ದೀರಿ. ನೆಪೋಲಿಯನ್ನನ ಸೇನೆಯ ಶಸ್ತ್ರವೈದ್ಯ ಡೊಮಿನಿಕ್ ಲಾರ‍್ರಿ, ಗಾಯಾಳು ದಂಡನಾಯಕನೋ ಸಿಪಾಯಿಯೋ ಎಂದು ನೋಡದೆ ಗಾಯ ಎಷ್ಟು ಆಳ ಎಂದು ನೋಡಿ ಸರದಿ ಕಟ್ಟಿದವರು. ನಾವು ಇಂದಿಗೂ ಮಾಡುವುದು ಅದನ್ನೇ. ನಿಮ್ಮ ನಂತರ ಬಂದವರ ಸ್ಥಿತಿ ಕೆಟ್ಟಿದ್ದರೆ ಅವರು ನಿಮ್ಮನ್ನು ದಾಟಿ ಒಳಗೆ ಹೋಗಿರುತ್ತಾರೆ. ಸರದಿ ನೋಡಿಕೊಳ್ಳುವ ಹೊರೆ ನನ್ನದು, ನೀವು ಅದನ್ನು ಮನೆಯಿಂದಲೇ ಹೊತ್ತುಕೊಂಡು ಬರಬೇಕಿಲ್ಲ.

ಮುಂದಿನ ಸಲ ಅದೇ ಹಿಚುಕಾಟ ಬಂದರೆ ‘ಹೋದ ಸಲ ಗ್ಯಾಸ್ ಅಂದಿದ್ದರಲ್ಲ’ ಎಂದು ಮಲಗಬೇಡಿ. ಆ ರಾತ್ರಿಯ ಪರೀಕ್ಷೆ ಆ ರಾತ್ರಿಗಷ್ಟೇ. ಅಲ್ಲಿಂದ ತಂದ ಇಸಿಜಿ ಕಾಗದ ಎಲ್ಲಿದೆ ನೋಡಿ, ಮೊಬೈಲ್‌ನಲ್ಲಿ ಅದರ ಫೋಟೊ ತೆಗೆದಿಟ್ಟುಕೊಳ್ಳಿ. ಕಾಗದದ ಮೇಲಿನ ಗೆರೆಗಳು ಕಾಲ ಕಳೆದಂತೆ ಮಾಸುತ್ತವೆ, ಹೊಸ ಇಸಿಜಿ ಕೈಗೆ ಬಂದಾಗ ವೈದ್ಯರು ಮೊದಲು ಕೇಳುವುದೇ ಹಳೆಯದನ್ನು.