ಪ್ರೋಟಾನ್ ಮ್ಯಾಗ್ನೆಟೋಮೀಟರ್ ಬಾಟ್ಲಿಗೆ ನೀರಾ ಸೀಮೆಎಣ್ಣೆನಾ: ಹೊಳಲ್ಕೆರೆ ಮೇಷ್ಟ್ರಿಗೆ ಉತ್ತರ

ಮೇಷ್ಟ್ರೇ, ಭೂಮಿಯ ಕಾಂತಕ್ಷೇತ್ರ ಅಳೆಯೋ ಪ್ರೋಟಾನ್ ಮ್ಯಾಗ್ನೆಟೋಮೀಟರ್‌ನ ಸೆನ್ಸರ್ ಬಾಟ್ಲಿಗೆ ಡಿಸ್ಟಿಲ್ಡ್ ವಾಟರ್ ಹಾಕ್ಲಾ, ಸೀಮೆಎಣ್ಣೆ ಹಾಕ್ಲಾ, ಇಲ್ಲಾ ದುಡ್ಡು ಹೋದ್ರೆ ಹೋಗ್ಲಿ ಅಂತ ಲ್ಯಾಬ್ ಡೆಕೇನ್ (ಶುದ್ಧ ಹೈಡ್ರೋಕಾರ್ಬನ್ ದ್ರವ) ತರಿಸ್ಲಾ ಅಂತ ಕೇಳಿದ್ರಲ್ಲ, ಡೆಕೇನ್ ಮೊದ್ಲು ತಲೆಯಿಂದ ತೆಗೀರಿ. ಒಂದು ಲೀಟರ್ ನೀರಲ್ಲಿ ಹೈಡ್ರೋಜನ್ 111 ಮೋಲ್ ಐತೆ, ಡೆಕೇನ್‌ನಲ್ಲಿ 113, ಸೀಮೆಎಣ್ಣೆನೂ ಅಲ್ಲೇ ಆಸುಪಾಸು. ಸಿಗ್ನಲ್ ಕೊಡೋದು ಆ ಹೈಡ್ರೋಜನ್ ಪ್ರೋಟಾನ್‌ಗಳೇ ತಾನೇ, ಮೂರರಲ್ಲೂ ಒಂದೇ ಸಮ ಇದ್ದಾವೆ ಅಂದ್ಮೇಲೆ ಸಾವಿರಾರು ರೂಪಾಯಿ ಯಾಕೆ ಸುರೀಬೇಕು.

ವ್ಯತ್ಯಾಸ ಬರೋದು ಟೈಮಲ್ಲಿ. ಕಾಯಿಲ್‌ಗೆ ಕರೆಂಟ್ ಕೊಟ್ರೆ ದ್ರವದ ಪ್ರೋಟಾನ್‌ಗಳು ಸಾಲಾಗಿ ನಿಲ್ತವೆ, ಕರೆಂಟ್ ತೆಗೆದ್ರೆ ಭೂಮಿಯ ಕ್ಷೇತ್ರದ ಸುತ್ತ ತಿರುಗ್ತಾ ಅದೇ ಕಾಯಿಲ್‌ಗೆ ಸಣ್ಣ ಸಿಗ್ನಲ್ ಕೊಡ್ತವೆ, ಅದನ್ನೇ ಇಯರ್‌ಫೋನಲ್ಲಿ ಸದ್ದಾಗಿ ಕೇಳೋದು. ಶುದ್ಧ ನೀರಲ್ಲಿ ಸದ್ದು ಎರಡು ಮೂರು ಸೆಕೆಂಡ್ ಎಳೀತೈತೆ, ಸೀಮೆಎಣ್ಣೆಲಿ ಅರ್ಧದಿಂದ ಒಂದು ಸೆಕೆಂಡ್. ಹಂಗಂತ ನೀರೇ ಗೆದ್ದಂಗಲ್ಲ, ಯಾಕಂದ್ರೆ ಪ್ರೋಟಾನ್‌ಗಳು ಸಾಲಾಗಿ ನಿಲ್ಲೋಕೂ ಅಷ್ಟೇ ನಿಧಾನ, ನೀರಿಗೆ ಆರೇಳು ಸೆಕೆಂಡ್ ಕರೆಂಟ್ ಕೊಡ್ಬೇಕು, ಸೀಮೆಎಣ್ಣೆಗೆ ಎರಡು ಸೆಕೆಂಡ್ ಸಾಕು. ಹೊಲ ಸುತ್ತುತಾ ನೂರಿನ್ನೂರು ಕಡೆ ರೀಡಿಂಗ್ ತಗೊಳ್ಳೋವಾಗ ಕರೆಂಟ್ ಕೊಡೋ ಹೊತ್ತೂ ಬ್ಯಾಟ್ರಿ ಖರ್ಚೂ ಮೂರು ಪಟ್ಟಿನಷ್ಟು ಆಗ್ತದೆ.

ನನ್ ಲೆಕ್ಕದಲ್ಲಿ ತೀರ್ಮಾನ ಆಗೋದು ಕಾಯಿಲ್ ಎಲ್ಲೈತೆ ಅನ್ನೋದ್ರ ಮೇಲೆ. ಕಾಯಿಲ್ ದ್ರವದೊಳಗೇ ಮುಳುಗಿದ್ರೆ ನೀರು ಬೇಡ, ತಂತಿ ಎನಾಮಲ್ ಎಲ್ಲಾದ್ರೂ ಸೂಜಿಮೊನೆಯಷ್ಟು ಕಿತ್ತಿದ್ರೂ ಸಾಕು, ಅಲ್ಲಿ ಗುಳ್ಳೆ ಎದ್ದು ತಾಮ್ರ ಹಸಿರಾಗಿ ಕೂರ್ತದೆ. ಬಾಟ್ಲಿ ಹೊರಗೆ ಸುತ್ತಿದ್ರೆ ನೀರು ಆರಾಮ. ನೀವು ಹುಡುಗರನ್ನ ಕಟ್ಕೊಂಡು ಮಾಡ್ತಿರೋದ್ರಿಂದ ನಾನು ಹೇಳೋದು ಹೊರಗೆ ಸುತ್ತಿ, ನೀರು ಹಾಕಿ. ಕಾಯಿಲ್ ಕರೆಂಟ್ ಆನ್ ಆಫ್ ಮಾಡೋ ರಿಲೇ ಕಿಡಿ ಹಾರೋ ಜಾಗದಲ್ಲಿ ಸೀಮೆಎಣ್ಣೆ ಬೇಡ, ಪೆಟ್ರೋಲಂತೂ ಮಾತೇ ಇಲ್ಲ. ಬ್ಯಾಟ್ರಿ ಅಂಗಡಿ ಡಿಸ್ಟಿಲ್ಡ್ ವಾಟರ್ ಸಾಕು, ಬೋರ್ ನೀರಲ್ಲಿ ಕಬ್ಬಿಣದಂಶ ಇದ್ರೆ ಸದ್ದು ಬೇಗ ಸಾಯ್ತದೆ. ಮುಂದೆ ಯಾವಾಗಾದ್ರೂ ಎಣ್ಣೆ ಬೇಕು ಅನ್ಸಿದ್ರೆ, ನೀಲಿ ಸೀಮೆಎಣ್ಣೆ ಈಗ ಸಿಗೋದೇ ಕಷ್ಟ, ಪೇಂಟ್ ಅಂಗಡಿ ಟರ್ಪೆಂಟೈನ್ ನಡೀತೈತೆ, ಆದ್ರೆ ಥರ್ಮೊಕೋಲು, ಮಾಮೂಲಿ ರಬ್ಬರ್ ವಾಷರ್ ಎರಡೂ ಇಡಬೇಡಿ, ಒಂದು ಕರಗ್ತದೆ ಇನ್ನೊಂದು ಊದ್ಕೊಂಡು ಪೂರಿ ಆಗ್ತದೆ. ಬಾಯಿ ತನಕ ತುಂಬಿಸ್ಲೂಬೇಡಿ, ಮೂವತ್ತು ಡಿಗ್ರಿ ಬಿಸಿ ಏರಿದ್ರೆ ಎಣ್ಣೆ ನೂರಕ್ಕೆ ಮೂರು ಭಾಗ ಉಬ್ಬುತ್ತೆ, ನಮ್ ದುರ್ಗದ ಬಿಸಿಲು ಗೊತ್ತಲ್ಲ.

ಚಳ್ಳಕೆರೆಯವ್ರೊಬ್ರು ಕಡ್ಲೆಕಾಯಿ ಎಣ್ಣೆ ಆಗಲ್ವಾ ಅಂತ ಕೆಳಗೆ ಕೇಳಿದಾರೆ 😄 ಊರಭಿಮಾನ ಸರಿ ಅಣ್ಣಾ, ಆದ್ರೆ ಮಂದ ಎಣ್ಣೆಲಿ ಸದ್ದು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲೇ ಮುಗಿದು ಹೋಗ್ತದೆ, ಅದು ಮಂಡಕ್ಕಿ ಒಗ್ಗರಣೆಗೇ ಇರ್ಲಿ.

ಈಗ ಅಸಲು ವಿಷ್ಯ. ದ್ರವಕ್ಕೆ ಕೆಡಿಸ್ಕೊಂಡ ತಲೇನಲ್ಲಿ ಅರ್ಧದಷ್ಟು ಬಾಟ್ಲಿ ಸುತ್ತ ಇರೋ ಸಾಮಾನಿಗೆ ಕೆಡಿಸ್ಕೊಳ್ಳಿ. ನಂದು ಮೊದಲನೇ ಸೆನ್ಸರ್ ಕೂಗ್ತಾನೇ ಇರ್ಲಿಲ್ಲ, ಇಯರ್‌ಫೋನಲ್ಲಿ ಟಿಕ್ ಅಂತಿತ್ತು, ಅಷ್ಟೇ. ಆಂಪ್ಲಿಫೈಯರ್ ಎರಡ್ಸಲ ಬಿಚ್ಚಿ ಕಟ್ಟಿದೆ, ನೀರು ಬದಲಾಯಿಸ್ದೆ, ಮೂರು ವಾರ ಹೋಯ್ತು. ಕೊನೆಗೆ ಹಳೇ ಹಾರ್ಡ್ ಡಿಸ್ಕ್ ಒಳಗಿನ ಮ್ಯಾಗ್ನೆಟ್ನ ಹೊಲಿಗೆ ದಾರಕ್ಕೆ ಕಟ್ಟಿ ನೇತಾಕಿ ಒಂದೊಂದೇ ಸಾಮಾನು ಹತ್ರ ಹಿಡಿದೆ, ಹಿತ್ತಾಳೆ ಅಂತ ಕೊಟ್ಟಿದ್ದ ನಾಲ್ಕು ಸ್ಕ್ರೂ ಹತ್ರ ಬಂದಾಗ ದಾರ ವಾಲ್ಕೊಂಡು ಹೋಗಿ ಟಕ್ ಅಂತ ಕಚ್ಕೊಂತು. ಒಳಗೆ ಕಬ್ಬಿಣ, ಮೇಲೆ ಹಿತ್ತಾಳೆ ಬಣ್ಣ. ನೈಲಾನ್ ಸ್ಕ್ರೂ ಹಾಕಿದ ದಿನವೇ ಟೀಂ ಅಂತ ಬಂತು.

ಯಾಕೆ ಅಂದ್ರೆ, ಬಾಟ್ಲಿ ಈ ತುದಿಗೂ ಆ ತುದಿಗೂ ಕಾಂತಕ್ಷೇತ್ರದಲ್ಲಿ 100 ನ್ಯಾನೋಟೆಸ್ಲಾ (ಕಾಂತಕ್ಷೇತ್ರ ಅಳೆಯೋ ಮಾನ) ಫರಕು ಇದ್ರೆ ಎರಡೂ ಕಡೆ ಪ್ರೋಟಾನ್‌ಗಳ ಸದ್ದಲ್ಲಿ ನಾಲ್ಕು ಹರ್ಟ್ಜ್ ವ್ಯತ್ಯಾಸ, ಕಾಲು ಸೆಕೆಂಡಲ್ಲಿ ತಾಳ ತಪ್ಪಿ ಒಂದನ್ನೊಂದು ಹೊಡೆದು ಹಾಕ್ತವೆ, ಭಜನೇಲಿ ಒಬ್ಬೊಬ್ರು ಒಂದೊಂದು ತಾಳ ಹಾಕಿದಂಗೆ. ಆಗ ಡೆಕೇನ್ ಹಾಕಿದ್ರೂ ಅಷ್ಟೇ ಗಂಗಾಜಲ ಹಾಕಿದ್ರೂ ಅಷ್ಟೇ. ನಿಕಲ್ ಲೇಪದ ಕನೆಕ್ಟರ್, ಕೆಲವು ಸ್ಟೀಲ್ ನಟ್ಟು, ರೆಡ್ ಆಕ್ಸೈಡ್ ಪೇಂಟ್ ಎಲ್ಲಾ ದಾರದ ಪರೀಕ್ಷೆ ಆಗ್ಲಿ. ಕೆಮ್ಮಣ್ಣಲ್ಲಿ ಮ್ಯಾಗ್ನೆಟ್ ಆಡಿಸಿದ್ರೆ ಕಪ್ಪು ಮರಳು ಅಂಟುತ್ತಲ್ಲ, ಅದೇ ಮಣ್ಣು ಬಾಟ್ಲಿಗೆ ಮೆತ್ತಿಕೊಂಡಿದ್ರೂ ಕಷ್ಟ, ಒರೆಸಿ ಇಡಿ. ದುರ್ಗದ ಕಡೆ ಕಬ್ಬಿಣದ ಅದಿರಿನ ಬಂಡೆ ಮೇಲೆ ನಿಂತ್ರೆ ಒಳ್ಳೇ ಸೆನ್ಸರೂ ಮೂಗ ಆಗ್ತದೆ, ಮೊದಲ ಟೆಸ್ಟು ದಾವಣಗೆರೆ ಕಡೆ ಎರೆಹೊಲದಲ್ಲಿ ಮಾಡಿ.

ಕಾಯಿಲ್ ಸುತ್ತೋ ಫಾರ್ಮರ್‌ಗೆ (ಅದೇ ಬಾಟ್ಲಿನೂ ಆಗ್ತದೆ) 63 ಎಂಎಂ ಪಿವಿಸಿ ಪೈಪು, ಹನ್ನೆರಡು ಸೆಂಟಿಮೀಟರ್ ತುಂಡು ಎರಡು, ಎರಡು ಕಡೆ ಎಂಡ್ ಕ್ಯಾಪ್, ಒಂದೊಂದಕ್ಕೂ ಮುನ್ನೂರು ಎಂಎಲ್ ಹಿಡೀತೈತೆ. ಮೋಟ್ರು ರಿವೈಂಡಿಂಗ್ ಅಂಗಡೀಲಿ 22 ಗೇಜ್ ತಾಮ್ರದ ತಂತಿ ಒಂದು ಕೆಜಿ ತಗೊಳ್ಳಿ, ಅಲ್ಯೂಮಿನಿಯಂ ಕೊಡ್ತಾರೆ, ನೋಡ್ಕೊಳ್ಳಿ. ಒಂದೊಂದಕ್ಕೆ 600 ಸುತ್ತು, ಎರಡನ್ನೂ ಉಲ್ಟಾ ದಿಕ್ಕಲ್ಲಿ ಸೀರೀಸ್ ಸೇರಿಸಿದ್ರೆ ಹೊರಗಿನ ಗುಂಯ್ ಸದ್ದು ಅಲ್ಲಲ್ಲೇ ಕಳೀತದೆ, ರೆಸಿಸ್ಟೆನ್ಸ್ ಹತ್ತು ಹನ್ನೊಂದು ಓಮ್, 12 ವೋಲ್ಟಿಗೆ ಒಂದು ಆಂಪಿಯರ್ ಚಿಲ್ರೆ. ಇಂಡಕ್ಟೆನ್ಸ್ 24 ಮಿಲಿಹೆನ್ರಿ ಹತ್ರ ಬಂದ್ರೆ ಟ್ಯೂನಿಂಗ್ ಕೆಪಾಸಿಟರ್ 0.35 ಮೈಕ್ರೋಫ್ಯಾರಡ್, ಅಲ್ಲಿಂದ ಹಿಂದೆ ಮುಂದೆ ಮಾಡಿ.

ನಮ್ಮ ಕಡೆ ಭೂಮಿಯ ಕಾಂತಕ್ಷೇತ್ರ 41 ಸಾವಿರ ನ್ಯಾನೋಟೆಸ್ಲಾ ಚಿಲ್ರೆ, ಸದ್ದು ಬರೋದು 1740ರಿಂದ 1780 ಹರ್ಟ್ಜ್ ಒಳಗೆ. ಇಲ್ಲೇ ಒಂದು ತೊಂದ್ರೆ, ಕರೆಂಟ್ ಲೈನಿನ 50 ಹರ್ಟ್ಜ್‌ನ 35ನೇ ಪಟ್ಟು ಸರಿಯಾಗಿ 1750. ಪಂಪ್‌ಸೆಟ್ ಓಡ್ತಿರೋ ಕಡೆ ಟೀಂ ಅಂತ ಸಾಯದೇ ಕೂಗ್ತಾ ಇದ್ರೆ ಅದು ಪ್ರೋಟಾನ್ ಅಲ್ಲ, ಲೈನು. ಪ್ರೋಟಾನ್ ಆದ್ರೆ ಮೆಲ್ಲಗೆ ಕರಗಿ ಹೋಗ್ಬೇಕು. ತ್ರೀ ಫೇಸ್ ಹೋದ ಹೊತ್ತು ನೋಡ್ಕೊಂಡು, ಲೈನಿಂದ ದೂರ, ಕಾಯಿಲ್ ಉದ್ದ ಪೂರ್ವ ಪಶ್ಚಿಮಕ್ಕೆ ಮಲಗಿಸಿ. ನಮ್ಮಲ್ಲಿ ಕ್ಷೇತ್ರ ಬಹಳ ವಾಲದೆ ಹೆಚ್ಚೂಕಮ್ಮಿ ಉತ್ತರಕ್ಕೇ ಮಲಗಿರ್ತದೆ, ಕಾಯಿಲೂ ಉತ್ತರ ದಕ್ಷಿಣ ಇಟ್ರೆ ಏನೂ ಬರಲ್ಲ.

ಬೋರ್ ಪಾಯಿಂಟ್ ತೋರಿಸುತ್ತಾ ಅಂತ ಯಾರೋ ಕೇಳಿದಾರೆ, ಇದು ನೀರು ನೋಡಲ್ಲ, ಮ್ಯಾಗ್ನೆಟಿಕ್ ಬಂಡೆ ನೋಡ್ತದೆ.

ಮೇಷ್ಟ್ರೇ, ಕಾಯಿಲ್ ಸುತ್ತಿದ ಮೇಲೆ ಓಮ್ ಎಷ್ಟು ಬಂತು ಅಂತ ಇಲ್ಲೇ ಹಾಕಿ. ಹೊಲಕ್ಕೆ ಹೋಗೋವಾಗ ಮೊಬೈಲು, ಬೀಗದ ಕೈ, ಬೆಲ್ಟು ಎಲ್ಲಾ ಗಾಡಿ ಹತ್ರ ಬಿಟ್ಟೇ ಹೋಗಿ, ಗಾಡಿನೂ ಒಂದಿಪ್ಪತ್ತು ಮೂವತ್ತು ಮೀಟರ್ ಆಚೆ ನಿಲ್ಸಿ.