ಗಾಳಿ ಊದಿದರೆ ಮದ್ಯಸಾರ ಕಡಿಮೆಯಾಗದೇ?

ಪ್ರಶ್ನೆ: ನಾನು ಬಿ.ಎಸ್ಸಿ. ವಿದ್ಯಾರ್ಥಿನಿ. ಆಮ್ಲಜನಕ ಇಲ್ಲದಾಗ ಮಾತ್ರ ಯೀಸ್ಟ್ ಸಕ್ಕರೆಯನ್ನು ಎಥೆನಾಲ್ ಆಗಿಸುತ್ತದೆ ಎಂದು ಓದಿದ್ದೇನೆ. ಆದರೆ ನನ್ನ ಸೋದರಮಾವ ಕೆಲಸ ಮಾಡುವ ಡಿಸ್ಟಿಲರಿಯಲ್ಲಿ ಯೀಸ್ಟ್ ಬೆಳೆಸುವ ತೊಟ್ಟಿಗೆ ಗಾಳಿ ಊದುತ್ತಾರಂತೆ. ಇದರಿಂದ ನಷ್ಟವಲ್ಲವೇ?
– ಓದುಗರೊಬ್ಬರು, ಮಂಡ್ಯ

ಉತ್ತರ: ಆ ವಾಕ್ಯದಲ್ಲಿರುವ ‘ಮಾತ್ರ’ ಎಂಬ ಪದವನ್ನು ದಯವಿಟ್ಟು ಹೊಡೆದುಹಾಕಿ. ಕಾಕಂಬಿಯ ಡಿಸ್ಟಿಲರಿಯ ಪ್ರಯೋಗಾಲಯದಲ್ಲಿ ವೃತ್ತಿಜೀವನ ಕಳೆದವನು ನಾನು. ಗಾಳಿಯ ಗುಳ್ಳೆಗಳು ಕುದಿಯುವಂತೆ ಏಳುತ್ತಿದ್ದ ತೊಟ್ಟಿಯಿಂದಲೇ ಮದ್ಯಸಾರದ ಘಾಟು ಮೂಗಿಗೆ ಹೊಡೆಯುತ್ತಿತ್ತು.

ಕಾರಣ ಸಕ್ಕರೆಯಲ್ಲಿದೆ. ನಾವು ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೆ ಯೀಸ್ಟಿಗೆ ಗ್ಲೂಕೋಸ್ ಲೀಟರಿಗೆ ಒಂದು ಗ್ರಾಂನಷ್ಟು ಸಿಕ್ಕರೂ ಸಾಕು, ಆಮ್ಲಜನಕ ಇದ್ದರೂ ಅದು ಉಸಿರಾಟವನ್ನು ತಗ್ಗಿಸಿ ಎಥೆನಾಲ್ ಮಾಡತೊಡಗುತ್ತದೆ. ನೀರು ಬೆರೆಸಿದ ಕಾಕಂಬಿಯಲ್ಲಿ ಸಕ್ಕರೆ ಲೀಟರಿಗೆ 100 ಗ್ರಾಂ ದಾಟಿರುತ್ತದೆ. ಆಮ್ಲಜನಕವಿದ್ದೂ ಎಥೆನಾಲ್ ಮಾಡುವ ಈ ಗುಣವನ್ನು ಕ್ರ್ಯಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ವಿಜ್ಞಾನಿ ಹರ್ಬರ್ಟ್ ಕ್ರ್ಯಾಬ್‌ಟ್ರೀ ಇಂಥದ್ದನ್ನು 1929ರಲ್ಲಿ ಮೊದಲು ವಿವರಿಸಿದ್ದು ಕ್ಯಾನ್ಸರ್ ಗಡ್ಡೆಯ ಜೀವಕೋಶಗಳಲ್ಲಿ.

ನೀವು ಓದಿರುವುದು ವಿಜ್ಞಾನಿ ಲೂಯಿ ಪಾಶ್ಚರ್ ಕಂಡ ಸಂಗತಿ. ಗಾಳಿ ಸಿಕ್ಕ ಯೀಸ್ಟ್ ಚೆನ್ನಾಗಿ ಬೆಳೆಯುತ್ತದೆ, ಅಷ್ಟೇ ಪ್ರಮಾಣದಲ್ಲಿ ಬೆಳೆಯಲು ಬಹಳ ಕಡಿಮೆ ಸಕ್ಕರೆ ಖರ್ಚು ಮಾಡುತ್ತದೆ. ಹುದುಗುವಾಗ ಒಂದು ಗ್ಲೂಕೋಸಿನಿಂದ ಕೋಶಕ್ಕೆ ಸಿಗುವುದು ಎರಡೇ ಎಟಿಪಿ, ಅಂದರೆ ಜೀವಕೋಶ ಶಕ್ತಿಯಾಗಿ ಖರ್ಚು ಮಾಡುವ ಅಣು. ಉಸಿರಾಟದಲ್ಲಿ ಅದರ ಹಲವು ಪಟ್ಟು. ಸಕ್ಕರೆ ತೀರಾ ತೆಳುವಾಗಿದ್ದಾಗ ಈ ಲೆಕ್ಕ ಪೂರ್ತಿ ಅನ್ವಯಿಸುತ್ತದೆ. ಬ್ರೆಡ್ಡಿನ ಯೀಸ್ಟ್ ತಯಾರಿಸುವವರು ಕಾಕಂಬಿಯನ್ನು ಒಮ್ಮೆಗೇ ಸುರಿಯದೆ ಸ್ವಲ್ಪಸ್ವಲ್ಪವಾಗಿ ಬಿಡುತ್ತಾ ಧಾರಾಳವಾಗಿ ಗಾಳಿ ಕೊಡುವುದು ಇದಕ್ಕೇ: ಅವರಿಗೆ ಬೇಕಾದದ್ದು ಯೀಸ್ಟ್, ಮದ್ಯಸಾರವಲ್ಲ.

ಹಾಗಾದರೆ ನಿಮ್ಮ ಮಾವನವರು ಗಾಳಿ ಊದುವುದು ಏಕೆ? ಯೀಸ್ಟ್ ತನ್ನ ಕೋಶಪೊರೆಗೆ ಬೇಕಾದ ಎರ್ಗೊಸ್ಟೆರಾಲ್ ಎಂಬ ಕೊಬ್ಬಿನಂಥ ವಸ್ತುವನ್ನೂ ಅಪರ್ಯಾಪ್ತ ಕೊಬ್ಬಿನಾಮ್ಲಗಳನ್ನೂ ಆಮ್ಲಜನಕವಿಲ್ಲದೆ ಕಟ್ಟಿಕೊಳ್ಳಲಾರದು. ಇವು ಸಾಲದೆ ಹೋದರೆ ಮದ್ಯಸಾರ ಏರುತ್ತಿದ್ದಂತೆ ಪೊರೆ ಸೋಲುತ್ತದೆ, ಸಕ್ಕರೆ ಉಳಿದಿರುವಾಗಲೇ ಹುದುಗು ನಿಂತುಹೋಗುತ್ತದೆ. ಬೆಳೆಸುವ ತೊಟ್ಟಿಯಲ್ಲಿ ಕೊಡುವ ಗಾಳಿ ಆ ಬಂಡವಾಳ. ಅದಕ್ಕೆ ಜಿಪುಣತನ ತೋರಿಸುವುದು ನನ್ನ ಮಟ್ಟಿಗೆ ಶುದ್ಧ ಅವಿವೇಕ.

ಮದ್ಯಸಾರಕ್ಕಾಗಿ ಹುದುಗಿಸುವ ದೊಡ್ಡ ತೊಟ್ಟಿಯ ಮಾತು ಬೇರೆ. ಅಲ್ಲೂ ಊದುತ್ತಲೇ ಇದ್ದರೆ ನೀವು ಹೇಳುವ ನಷ್ಟ ನಿಜ. ಸಕ್ಕರೆ ಯೀಸ್ಟಿನ ಮೈ ಸೇರುತ್ತದೆ. ಗಾಳಿಯ ಜೊತೆ ಮದ್ಯಸಾರ ಆವಿಯಾಗಿ ಹಾರುತ್ತದೆ. ಸಕ್ಕರೆ ಮುಗಿದ ಮೇಲೆ ಯೀಸ್ಟ್ ತಾನು ಮಾಡಿದ ಎಥೆನಾಲನ್ನೇ ಉಸಿರಾಟಕ್ಕೆ ಬಳಸಿ ಕರಗಿಸುತ್ತದೆ. 180 ಕಿಲೋ ಗ್ಲೂಕೋಸಿನಿಂದ ಗರಿಷ್ಠ ಸಿಗಬಹುದಾದದ್ದು 92 ಕಿಲೋ ಎಥೆನಾಲ್, ಉಳಿದ 88 ಕಿಲೋ ಇಂಗಾಲದ ಡೈಆಕ್ಸೈಡ್. ಅದರಲ್ಲೂ ಒಂದಿಷ್ಟು ಗ್ಲಿಸರಾಲ್‌ಗೆ, ಯೀಸ್ಟಿನ ಬೆಳವಣಿಗೆಗೆ ಹೋಗಿಯೇ ತೀರುತ್ತದೆ.

ಆ 88 ಕಿಲೋ ಅನಿಲ ಗಾಳಿಗಿಂತ ಭಾರ, ಖಾಲಿ ತೊಟ್ಟಿಯ ತಳದಲ್ಲಿ ಕಾಣದಂತೆ ನಿಂತಿರುತ್ತದೆ. ಒಳಗೆ ಹೊಸ ಗಾಳಿ ಹಾಯಿಸಿ, ಮೀಟರಿನಲ್ಲಿ ಆಮ್ಲಜನಕ ಅಳೆದು, ಮೇಲೊಬ್ಬರನ್ನು ಕಾವಲಿಗೆ ನಿಲ್ಲಿಸದೆ ತೊಳೆಯಲು ಇಳಿಯಬಾರದೆಂದು ಮಾವನವರಿಗೆ ಇಂದೇ ತಿಳಿಸಿ.