ಕೇಸುಗಳನ್ನು ತೂಕ ನೋಡಿ ಆರಿಸಿದರೆ ರೈಫಲ್ ಗ್ರೂಪ್ ನಿಜಕ್ಕೂ ಚಿಕ್ಕದಾಗುತ್ತಾ?

.308 ವಿಂಚೆಸ್ಟರ್ ಅಳತೆಯ ರೈಫಲ್‌ಗೆ ನೀವೇ ತುಂಬಿದ ತೋಟಾಗಳಲ್ಲಿ, ತೂಕ ನೋಡಿ ಆರಿಸಿದ ಕೇಸುಗಳು (ಮದ್ದು, ಗುಂಡು ಹಿಡಿದಿಡುವ ಹಿತ್ತಾಳೆ ಕವಚಗಳು) 100 ಮೀಟರಿಗೆ ಐದು ಗುಂಡಿನಲ್ಲಿ 21 ಮಿ.ಮೀ. ಅಗಲದ ಗ್ರೂಪ್, ಅಂದರೆ ಗುರಿಯ ಮೇಲಿನ ತೂತುಗಳ ಗುಂಪು, ಕೊಟ್ಟವು, ಆರಿಸದವು 28 ಮಿ.ಮೀ. ಕೊಟ್ಟವು, ಇದು ಕೇಸಿನಿಂದಲೇ ಆದದ್ದಾ ಎಂದು ಕೇಳಿದ್ದೀರಿ. ಇಷ್ಟರಿಂದ ಹಾಗೆ ಹೇಳಲು ಬರುವುದಿಲ್ಲ. ಏನೂ ಬದಲಿಸದೆ ಅದೇ ತೋಟಾ ಎರಡು ಸಲ ಹೊಡೆದರೂ ಇಷ್ಟು ಏರುಪೇರು ಸಹಜ.

ಗ್ರೂಪಿನ ಅಗಲ ಅಳೆಯುವಾಗ ನೀವು ನೋಡುವುದು ಅತಿ ದೂರದ ಎರಡು ತೂತುಗಳನ್ನು ಮಾತ್ರ. ಉಳಿದ ಮೂರು ಗುಂಡು ದಂಡ. ಅದರ ಬದಲು ಗ್ರೂಪಿನ ನಡುಬಿಂದು ಕಂಡುಹಿಡಿದು, ಅಲ್ಲಿಂದ ಪ್ರತಿ ತೂತಿನ ದೂರ ಅಳೆದು ಸರಾಸರಿ ತೆಗೆಯಿರಿ. ಒಂದೊಂದು ಬಗೆಗೆ ಕನಿಷ್ಠ 20 ಗುಂಡು ಬೇಕು. ಅಷ್ಟು ಹೊಡೆದರೂ ಸರಾಸರಿಯಲ್ಲಿ ಮೂರನೇ ಒಂದು ಪಾಲಿನಷ್ಟು ವ್ಯತ್ಯಾಸ ಕಾಣದಿದ್ದರೆ ನಾನಂತೂ ನಂಬುವುದಿಲ್ಲ.

ಇನ್ನು ತೂಕದ ವಿಷಯ. ನಮಗೆ ಬೇಕಾದದ್ದು ಕೇಸಿನ ಒಳಗಿನ ಜಾಗ, ತೂಕವಲ್ಲ. 8.5 ಗ್ರೇನ್ (ಒಂದು ಗ್ರೇನ್ ಎಂದರೆ ಸುಮಾರು 0.065 ಗ್ರಾಂ) ಹಿತ್ತಾಳೆ ಹೆಚ್ಚಿದ್ದರೆ ಒಳಗೆ ಸುಮಾರು 1 ಗ್ರೇನ್ ನೀರಿನಷ್ಟು ಜಾಗ ಕಡಿಮೆ, ಅದೂ ಹೊರ ಅಳತೆ ಒಂದೇ ಆಗಿದ್ದರೆ. .308 ಕೇಸಿನಲ್ಲಿ ಸುಮಾರು 56 ಗ್ರೇನ್ ನೀರು ಹಿಡಿಯುತ್ತದೆ. ಹಾಗಾಗಿ ಒಂದೇ ಲಾಟಿನಲ್ಲಿ 2 ಗ್ರೇನ್ ವ್ಯತ್ಯಾಸ ಎಂದರೆ ಕಾಲು ಗ್ರೇನ್ ನೀರು. ಆ 2 ಗ್ರೇನ್ ಅಂಚಿನಲ್ಲೋ ಎಕ್ಸ್‌ಟ್ರಾಕ್ಟರ್ ಕೊಕ್ಕೆ ಹಿಡಿಯುವ ಬುಡದ ಕೊರಕಲಿನಲ್ಲೋ ಇದ್ದರೆ ಒಳಗೆ ಏನೂ ಬದಲಾಗಿರುವುದಿಲ್ಲ. ಬೇರೆ ಬೇರೆ ಬ್ರಾಂಡಿನ ಕೇಸುಗಳನ್ನು ಬೆರೆಸಿದಾಗ ಮಾತ್ರ ಇದು ದೊಡ್ಡ ವಿಷಯ.

ಸರಿಯಾಗಿ ಅಳೆಯಬೇಕೆಂದರೆ, ಹೊಡೆದ ಕೇಸನ್ನು ಸೈಜ್ ಮಾಡದೆ (ಅಚ್ಚಿನಲ್ಲಿ ಒತ್ತಿ ಮೂಲ ಅಳತೆಗೆ ತರದೆ), ಹಳೆಯ ಪ್ರೈಮರ್ (ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆ) ಒಳಗೇ ಬಿಟ್ಟು ತೂಗಿ. ಒಂದು ಹನಿ ಪಾತ್ರೆ ಸೋಪು ಬೆರೆಸಿದ ನೀರನ್ನು ಬಾಯಿಮಟ್ಟ ತುಂಬಿಸಿ. ನೀರಿನ ಮೇಲ್ಮೈ ಉಬ್ಬಲೂ ಬಾರದು, ತಗ್ಗಲೂ ಬಾರದು. ಕೇಸಿನ ಗೋಡೆಗೆ ಬೆರಳಿನಿಂದ ತಟ್ಟಿ ಗುಳ್ಳೆ ಬಿಡಿಸಿ ಮತ್ತೆ ತೂಗಿ. ಇದಕ್ಕೂ ಮೊದಲು ಎಲ್ಲವನ್ನೂ ಒಂದೇ ಉದ್ದಕ್ಕೆ, ಅಂದರೆ 2.005 ಇಂಚಿಗೆ, ಕತ್ತರಿಸಿರಬೇಕು.

ನನ್ನನ್ನು ಕೇಳಿದರೆ ತೂಕಕ್ಕಿಂತ ಮೊದಲು ಪರೀಕ್ಷಿಸಬೇಕಾದದ್ದು ಕೇಸಿನ ಕತ್ತಿನ ಬಿಗಿ, ಅಂದರೆ ಕತ್ತು ಗುಂಡನ್ನು ಎಷ್ಟು ಗಟ್ಟಿಯಾಗಿ ಹಿಡಿದಿದೆ ಎಂಬುದು. ತುಂಬಿದ ತೋಟಾದ ಕತ್ತು 0.336 ಇಂಚು ಇದ್ದರೆ, 0.334 ಬುಷಿಂಗ್‌ನಲ್ಲಿ (ಕತ್ತನ್ನು ಒತ್ತಿ ಕಿರಿದು ಮಾಡುವ ಉಂಗುರ) 20, ಇದು ಅ ಬಗೆ; 0.332 ಬುಷಿಂಗ್‌ನಲ್ಲಿ 20, ಇದು ಆ ಬಗೆ, ಮಾಡಿ. ಎಲ್ಲವೂ ಒಂದೇ ಲಾಟಿನವು, ಅಷ್ಟೇ ಸಲ ಹೊಡೆದವು ಆಗಿರಲಿ. ಪ್ರತಿ ಸಲ ಹೊಡೆದು ಸೈಜ್ ಮಾಡಿದಂತೆ ಹಿತ್ತಾಳೆ ಗಡುಸಾಗಿ ಹೆಚ್ಚು ಮರಳಿ ಚಿಮ್ಮುತ್ತದೆ. ಎರಡು ಸಲ ಹೊಡೆದದ್ದನ್ನೂ ಎಂಟು ಸಲ ಹೊಡೆದದ್ದನ್ನೂ ಬೆರೆಸಿದರೆ ಬುಷಿಂಗ್ ಒಂದೇ ಆದರೂ ಬಿಗಿ ಬೇರೆ. ಕೇಸಿನ ಹೆಗಲನ್ನು (ಮೈಯಿಂದ ಕತ್ತಿಗೆ ಇಳಿಯುವ ಇಳಿಜಾರು) ಎರಡರಲ್ಲೂ ಒಂದೇ ಅಳತೆಗೆ, 0.001ರಿಂದ 0.002 ಇಂಚು, ಹಿಂದಕ್ಕೆ ತಳ್ಳಿ. ಮದ್ದು, ಪ್ರೈಮರ್, ಗುಂಡಿನ ಲಾಟು, ಗುಂಡು ಕೂರಿಸುವ ಆಳ ಯಾವುದನ್ನೂ ಮುಟ್ಟಬೇಡಿ.

ಹೊಡೆಯುವಾಗ ಮೊದಲು 20 ಅ, ಆಮೇಲೆ 20 ಆ ಎಂದು ಹೋಗಬೇಡಿ. ಅಷ್ಟರಲ್ಲಿ ಬ್ಯಾರೆಲ್ ಕಾದಿರುತ್ತದೆ, ಗಾಳಿ ತಿರುಗಿರುತ್ತದೆ, ನೀವೂ ದಣಿದಿರುತ್ತೀರಿ. ಅ, ಆ, ಅ, ಆ ಎಂದು ಒಂದರ ನಂತರ ಒಂದು, ಪಕ್ಕಪಕ್ಕದ ಎರಡು ಗುರಿಗಳಿಗೆ ಹೊಡೆಯಿರಿ. ಯಾವುದು ಯಾವ ಬಗೆ ಎಂಬ ಗುಟ್ಟು ತೋಟಾ ಕೊಡುವವರ ಬಳಿಯೇ ಇದ್ದರೆ ಇನ್ನೂ ಒಳ್ಳೆಯದು. ಬ್ಯಾರೆಲ್ ಉಜ್ಜಿದ್ದರೆ ಮೊದಲ ನಾಲ್ಕೈದು ಗುಂಡು ಲೆಕ್ಕಕ್ಕಿಲ್ಲ.

ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಲ್ಲದೆ ಕೇಸಿನ ಒಳಜಾಗದ ಪರೀಕ್ಷೆಗೆ ಅರ್ಥವೇ ಇಲ್ಲ. ವೇಗದಲ್ಲಿ ಸೆಕೆಂಡಿಗೆ 10 ಮೀಟರ್ ವ್ಯತ್ಯಾಸವಾದರೆ 100 ಮೀಟರಿನಲ್ಲಿ ಮೇಲೆಕೆಳಗೆ ಆಗುವುದು 2 ಮಿ.ಮೀ. ಆಸುಪಾಸು, ಕಣ್ಣಿಗೇ ಬೀಳದು. 600 ಮೀಟರಿನಲ್ಲಿ ಅದೇ ಸುಮಾರು 10 ಸೆಂ.ಮೀ.

ಒಂದು ಎಚ್ಚರಿಕೆ: ದಪ್ಪ ಗೋಡೆಯ ಕೇಸಿಗೆ, ಉದಾಹರಣೆಗೆ ಮಿಲಿಟರಿ ಹಿತ್ತಾಳೆಗೆ, ಬದಲಾಯಿಸುವಾಗ ಹಳೆಯ ಮದ್ದಿನ ಪ್ರಮಾಣ ಹಾಗೇ ಹಾಕಬೇಡಿ. ಜಾಗ ಕಡಿಮೆ, ಒತ್ತಡ ಹೆಚ್ಚು. ಕೈಪಿಡಿಯ ಆರಂಭದ ಪ್ರಮಾಣದಿಂದ ಶುರುಮಾಡಿ. ಬೋಲ್ಟ್ ಎತ್ತಲು ಬಿಗಿಯಾದರೆ ಅಥವಾ ಕೇಸಿನ ಬುಡದಲ್ಲಿ ಇಜೆಕ್ಟರ್ (ಖಾಲಿ ಕೇಸನ್ನು ಹೊರಗೆ ಚಿಮ್ಮಿಸುವ ಭಾಗ) ಒತ್ತಿದ ಗುರುತು ಹೊಳೆದರೆ ಅಲ್ಲಿಗೇ ನಿಲ್ಲಿಸಿ.

ಗ್ರೂಪಿನಿಂದ ಹೊರಗೆ ಹಾರಿದ ಗುಂಡಿನ ಕೇಸನ್ನು ಎಸೆಯಬೇಡಿ. ಬುಡಕ್ಕೆ ಮಾರ್ಕರ್‌ನಲ್ಲಿ ಗೆರೆ ಎಳೆದು, ಮತ್ತೆ ತುಂಬಿ, ಉಳಿದವುಗಳ ನಡುವೆ ಸೇರಿಸಿ ಹೊಡೆಯಿರಿ. ಎರಡು ಮೂರು ಸಲ ಅದೇ ಕೇಸ್ ಹೊರಗೆ ಹಾರಿಸಿದರೆ ತಪ್ಪು ಕೇಸಿನದು; ಇಲ್ಲದಿದ್ದರೆ ಟ್ರಿಗರ್ ಮೇಲಿದ್ದ ಬೆರಳನ್ನೋ ಗಾಳಿಯನ್ನೋ ನೋಡಿ.